ಅನಿಮೆ ಎಂಬ ಹೆಸರಿನ ವಿಚಾರ

ಮಧ್ಯಾಹ್ನದ ವಿರಾಮದ ಹೊತ್ತಿನಲ್ಲಿ ನಮ್ಮ ಶಾಲೆಯ ಮೊಗಸಾಲೆಯಲ್ಲಿ ನಡೆದ ಒಂದು ವಾದವೇ ಈ ಲೇಖನಕ್ಕೆ ಕಾರಣ. ಎಂಟನೆಯ ತರಗತಿಯ ಬಾಲಕನೊಬ್ಬನು ತಾನು ಚಿಕ್ಕಂದಿನಿಂದಲೂ ‘ಅನಿಮೆ’ಯನ್ನು ನೋಡುತ್ತ ಬಂದವನೆಂದು ಹೆಮ್ಮೆಯಿಂದ ಹೇಳಿಕೊಂಡನು. ಯಾವುದನ್ನು ನೋಡಿರುವೆ ಎಂದು ಗೆಳೆಯನು ಕೇಳಲು, ‘ಡೋರೆಮಾನ್, ಶಿನ್‌ಚಾನ್’ ಎಂದನು. ‘ಅವು ಕಾರ್ಟೂನುಗಳು; ಅನಿಮೆ ಅಲ್ಲ’ ಎಂದು ಗೆಳೆಯನು ನಕ್ಕುಬಿಟ್ಟನು. ‘ಜಪಾನಿನಲ್ಲಿ ಮಾಡಿದುದೆಲ್ಲವೂ ಅನಿಮೆಯಲ್ಲವೆ?’ ಎಂದು ಮೊದಲನೆಯವನು ಬಿಡದೆ ಕೇಳಿದನು. ‘ಹಾಗಾದರೆ ನೀನು ನಿನ್ನೆ ಹೊಗಳುತ್ತಿದ್ದ ಅವತಾರ್ ಅಮೆರಿಕಾದವರದು. ಅದನ್ನೇಕೆ ಅನಿಮೆ ಎಂದೆ?’ ಅಷ್ಟರಲ್ಲಿ ಗಂಟೆ ಬಾರಿಸಿತು. ಇಬ್ಬರೂ ಮುಖ ಊದಿಸಿಕೊಂಡು ತರಗತಿಗೆ ಹೋದರು.

ಈ ವಾದವು ನಮ್ಮ ಮೊಗಸಾಲೆಗೆ ಮಾತ್ರ ಸೇರಿದುದಲ್ಲ. ಬೇರೆ ದೇಶಗಳ ಅಭಿಮಾನಿಗಳು ಹಲವು ದಶಕಗಳಿಂದ ಇದನ್ನೇ ವಾದಿಸುತ್ತ ಬಂದಿರುವರು, ಇನ್ನೂ ಮುಗಿದಿಲ್ಲ. ಹೆಸರೊಂದರ ವಿಷಯದಲ್ಲಿ ಇಷ್ಟು ಬಿಸಿಯೇಕೆ ಎಂದು ಹಿರಿಯರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ವಿಚಾರಿಸುತ್ತ ಹೋದಂತೆ, ಈ ಹೆಸರಿನ ಹಿಂದೆ ಒಂದು ದೊಡ್ಡ ಪ್ರಶ್ನೆ ಅಡಗಿರುವುದು ಕಂಡುಬಂದಿತು: ಹಲವರು ಸೇರಿ ಮಾಡಿದ ಒಂದು ಕೃತಿಯು ಯಾರದೆಂದು ಹೇಳಬೇಕು?

ಮೊದಲು ಶಬ್ದದ ಹುಟ್ಟನ್ನು ನೋಡೋಣ. ‘ಅನಿಮೆ’ ಎಂಬುದು ಅಚ್ಚ ಜಪಾನೀ ಶಬ್ದವಲ್ಲ. ನಿಶ್ಚಲವಾದ ಚಿತ್ರಗಳಿಗೆ ಚಲನೆಯನ್ನು ಕೊಡುವ ಕಲೆಗೆ ಇಂಗ್ಲಿಷಿನಲ್ಲಿ ‘ಅನಿಮೇಷನ್’ ಎಂದು ಹೆಸರು. ಜಪಾನಿಯರು ಅದನ್ನು ‘ಅನಿಮೇಶೊನ್’ ಎಂದು ಉಚ್ಚರಿಸಿ, ಬಳಿಕ ಬಾಲವನ್ನು ಕತ್ತರಿಸಿ ‘ಅನಿಮೆ’ ಎಂದು ಮಾಡಿಕೊಂಡರು. ಹೊರಗಿನಿಂದ ಬಂದ ಉದ್ದ ಶಬ್ದಗಳನ್ನು ಮೊಟಕುಗೊಳಿಸುವುದು ಆ ಭಾಷೆಯಲ್ಲಿ ರೂಢಿ. ಟೆಲಿವಿಷನ್ ಅಲ್ಲಿ ‘ತೆರೆಬಿ’ಯಾಗಿದೆ, ಪರ್ಸನಲ್ ಕಂಪ್ಯೂಟರ್ ‘ಪಾಸೊಕೊನ್’ ಆಗಿದೆ. ಆದುದರಿಂದ ಜಪಾನಿನ ಮನೆಯೊಂದರಲ್ಲಿ ‘ಅನಿಮೆ’ ಎಂದರೆ ಚಲಿಸುವ ಚಿತ್ರಕಥೆ ಎಂದಷ್ಟೇ ಅರ್ಥ. ಅದು ಟೋಕಿಯೋದಲ್ಲಿ ಆದುದೋ, ಕ್ಯಾಲಿಫೋರ್ನಿಯಾದಲ್ಲಿ ಆದುದೋ ಎಂಬ ಭೇದವಿಲ್ಲ. ‘ಟಾಮ್ ಅಂಡ್ ಜೆರಿ’ಯೂ ಅಲ್ಲಿ ಅನಿಮೆಯೇ, ಡಿಸ್ನಿಯವರ ಚಿತ್ರಗಳೂ ಅನಿಮೆಯೇ. ಅದೇ ಶಬ್ದವು ಸಮುದ್ರ ದಾಟಿ ಇಂಗ್ಲಿಷಿಗೆ ಮರಳಿದಾಗ ಮಾತ್ರ ‘ಜಪಾನಿನ ಅನಿಮೇಷನ್’ ಎಂಬ ಇಕ್ಕಟ್ಟಾದ ಅರ್ಥವನ್ನು ತಳೆಯಿತು.

ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ನಮ್ಮ ‘ಹೋಟೆಲು’ ಎಂಬ ಶಬ್ದವನ್ನೇ ನೋಡಿರಿ. ಇಂಗ್ಲಿಷರಿಗೆ ಅದು ಪ್ರವಾಸಿಗಳು ಇಳಿದುಕೊಳ್ಳುವ ಮನೆ. ಮಾಟುಂಗದಲ್ಲಿಯೋ ಫೋರ್ಟಿನಲ್ಲಿಯೋ ಇಡ್ಲಿ ತಿನ್ನಲು ಹೋಗುವ ನಮಗೆ ಅದು ಉಣ್ಣುವ ಮನೆ. ಹೋಟೆಲಿನಲ್ಲಿ ಮಂಚವೇಕಿಲ್ಲ ಎಂದು ಮುಂಬಯಿಯ ಕನ್ನಡಿಗನು ಯಾರೊಡನೆಯೂ ಜಗಳ ಕಾಯುವುದಿಲ್ಲ. ಶಬ್ದಗಳು ಊರು ಬಿಟ್ಟು ಊರಿಗೆ ಹೋದಾಗ ಅರ್ಥವನ್ನೂ ಬದಲಿಸುವುವು. ಆದುದರಿಂದ ‘ಜಪಾನಿನಲ್ಲಿ ಈ ಶಬ್ದಕ್ಕೆ ಎಲ್ಲ ಅನಿಮೇಷನ್ ಎಂದೇ ಅರ್ಥ, ನೀವು ಹೇಳುವುದು ತಪ್ಪು’ ಎಂದು ಕೆಲವರು ವಾದವನ್ನು ಒಂದೇ ಏಟಿಗೆ ಮುಗಿಸಲು ನೋಡುವುದು ನಮಗೆ ಸರಿತೋರುವುದಿಲ್ಲ. ಶಬ್ದದ ಹುಟ್ಟೂರಿನಲ್ಲಿ ಇರುವ ಅರ್ಥವೇ ಎಲ್ಲೆಡೆಗೂ ಶಾಸನವಾಗಲಾರದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಜಪಾನಿನಲ್ಲಿ ಸ್ವದೇಶೀ ಅನಿಮೇಷನ್ ಚಿತ್ರಗಳು ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡುದು 1917ರಲ್ಲಿ. ಆಗ ಅವುಗಳಿಗೆ ಅನಿಮೆ ಎಂಬ ಹೆಸರಿರಲಿಲ್ಲ. ಮುಂದೆ ಜನರು ಅವನ್ನು ‘ಮಂಗಾ ಎಯಿಗಾ’, ಎಂದರೆ ವಿನೋದಚಿತ್ರಗಳ ಸಿನಿಮಾ, ಎಂದು ಕರೆಯುತ್ತಿದ್ದರು. ‘ಚಲಿಸುವ ಚಿತ್ರ’ ಎಂಬ ಅರ್ಥದ ‘ದೋಗಾ’ ಎಂಬ ಶಬ್ದವೂ ಬಳಕೆಗೆ ಬಂದಿತು. 1956ರಲ್ಲಿ ತೋಯೆಯಿ ಎಂಬ ಚಿತ್ರಸಂಸ್ಥೆಯು ಅನಿಮೇಷನ್ ಕಾರ್ಯಾಲಯವನ್ನು ತನ್ನದಾಗಿಸಿಕೊಂಡಾಗ ಅದಕ್ಕೆ ಇಟ್ಟ ಹೆಸರು ‘ತೋಯೆಯಿ ದೋಗಾ’ ಎಂದು. ಆ ಕಾರ್ಯಾಲಯದಿಂದ 1958ರಲ್ಲಿ ಹೊರಬಂದ ‘ಹಾಕುಜಾದೆನ್’, ಎಂದರೆ ಬಿಳಿಯ ಹಾವಿನ ಕಥೆ, ಜಪಾನಿನ ಮೊದಲನೆಯ ಪೂರ್ಣ ಉದ್ದದ ವರ್ಣ ಅನಿಮೇಷನ್ ಚಿತ್ರ. ಅದರ ಕಥೆ ಚೀನಾದ ಪುರಾತನ ಐತಿಹ್ಯದಿಂದ ಬಂದುದು. ಇಂದು ಅನಿಮೆಯ ಇತಿಹಾಸವನ್ನು ಬರೆಯುವವರೆಲ್ಲರೂ ಈ ಚಿತ್ರವನ್ನು ಮುಂದಿಟ್ಟುಕೊಳ್ಳುವರು.

ಅನಿಮೆ ಎಂಬ ಹೆಸರು ಮನೆಮಾತಾಗುವುದಕ್ಕೆ ದೂರದರ್ಶನವು ಕಾರಣವಾಯಿತು. 1963ನೆಯ ಇಸವಿ ಜನವರಿ 1ರಂದು ತೆಜುಕಾ ಒಸಾಮು ಎಂಬ ಪ್ರಸಿದ್ಧ ಚಿತ್ರಕಥೆಗಾರನ ‘ತೆತ್ಸುವಾನ್ ಆತೊಮು’ ಎಂಬ ಮಾಲಿಕೆಯು ಆರಂಭವಾಯಿತು. ಯಂತ್ರಬಾಲಕನೊಬ್ಬನ ಕಥೆಯಿದು, ಇಂಗ್ಲಿಷಿನಲ್ಲಿ ‘ಆಸ್ಟ್ರೋ ಬಾಯ್’ ಎಂದು ಹೆಸರಾಯಿತು. ಪ್ರತಿ ವಾರವೂ ಅರ್ಧ ಗಂಟೆಯ ಕಂತೊಂದನ್ನು ಸಿದ್ಧಪಡಿಸಬೇಕು. ಇದು ಎಷ್ಟು ಕಷ್ಟವೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಸಿನಿಮಾ ಸುರುಳಿಯಲ್ಲಿ ಒಂದು ಸೆಕೆಂಡಿಗೆ 24 ಚೌಕಗಳು ಓಡುವುವು. ಪ್ರತಿಯೊಂದು ಚೌಕಕ್ಕೂ ಬೇರೆ ಚಿತ್ರ ಬರೆದರೆ ಒಂದು ನಿಮಿಷಕ್ಕೆ 1,440 ಚಿತ್ರಗಳು ಬೇಕು. ಒಂದೇ ಚಿತ್ರವನ್ನು ಎರಡು ಚೌಕಗಳಿಗೆ ಬಳಸಿದರೆ 720 ಸಾಕು. ಮೂರು ಚೌಕಗಳಿಗೆ ಬಳಸಿದರೆ 480. ತೆಜುಕಾನ ‘ಮುಶಿ ಪ್ರೊಡಕ್ಷನ್’ ಸಂಸ್ಥೆಯವರು ಈ ಮೂರನೆಯ ದಾರಿಯನ್ನು ಹಿಡಿದರು. ಅಷ್ಟಕ್ಕೂ ನಿಲ್ಲದೆ, ಮುಖವನ್ನು ನಿಶ್ಚಲವಾಗಿಟ್ಟು ತುಟಿಗಳನ್ನು ಮಾತ್ರ ಆಡಿಸಿದರು. ನಿಂತ ಚಿತ್ರದ ಮೇಲೆ ಕ್ಯಾಮೆರಾವನ್ನೇ ಸರಿಸಿದರು. ಹಾರುವ ಬಾಲಕನ ಚಿತ್ರಗಳನ್ನು ಒಂದು ಭಂಡಾರದಲ್ಲಿ ಇಟ್ಟುಕೊಂಡು ಹಲವು ಕಂತುಗಳಲ್ಲಿ ಮರಳಿ ಉಪಯೋಗಿಸಿದರು. ಹೀಗೆ 1966ರ ಕೊನೆಯ ದಿನದವರೆಗೆ 193 ಕಂತುಗಳು ಹೊರಬಿದ್ದವು. ಬಡತನವೇ ಇಲ್ಲಿ ಶೈಲಿಯಾಯಿತು ಎನ್ನಬಹುದು. ದೀರ್ಘವಾದ ಮೌನ, ಚಲಿಸದ ಮುಖದ ಮೇಲೆ ಹಠಾತ್ತನೆ ಬೀಳುವ ಬೆಳಕು, ಗಾಳಿಗೆ ಕೂದಲು ಮಾತ್ರ ಅಲುಗುವುದು – ಇಂದು ಅಭಿಮಾನಿಗಳು ಮೆಚ್ಚುವ ಎಷ್ಟೋ ಲಕ್ಷಣಗಳು ಚಿತ್ರಗಳ ಸಂಖ್ಯೆಯನ್ನು ಉಳಿಸುವ ಉಪಾಯಗಳಿಗೆ ಹತ್ತಿರದ ನಂಟಸ್ತಿಕೆಯುಳ್ಳವು.

ಆದುದರಿಂದ ಅನಿಮೆ ಎಂಬುದು ದೇಶದ ಹೆಸರಲ್ಲ, ಈ ಮಿತವ್ಯಯದ ವಿಧಾನದ ಹೆಸರು ಎಂದು ಹೇಳುವವರೂ ಇರುವರು. ಈ ಅಳತೆಗೋಲನ್ನು ಒಪ್ಪಿದರೆ ಒಂದು ವಿಚಿತ್ರವು ಒದಗುವುದು. ಅನಿಮೆ ಎಂದೊಡನೆ ಲೋಕಕ್ಕೆಲ್ಲ ನೆನಪಾಗುವ ಮಿಯಾಜಾಕಿ ಹಯಾವೊ ತೋಯೆಯಿ ದೋಗಾದ ಗರಡಿಯಲ್ಲಿ ಬೆಳೆದವನು. ಧಾರಾಳವಾಗಿ ಚಲಿಸುವ ಚಿತ್ರಗಳನ್ನು ಮಾಡಿದವನು. ಅವನಿಗೆ ಈ ಮೊಟಕು ಶಬ್ದವು ಹಿಡಿಸದೆ, ‘ಮಂಗಾ ಎಯಿಗಾ’ ಎಂಬ ಹಳೆಯ ಹೆಸರೇ ಪ್ರಿಯವಾಗಿತ್ತು. ಅವನ ‘ಸ್ಪಿರಿಟೆಡ್ ಅವೇ’ ಎಂಬ 2001ರ ಚಿತ್ರಕ್ಕೆ 2003ರಲ್ಲಿ ಆಸ್ಕರ್ ಪ್ರಶಸ್ತಿ ಬಂದಾಗ ಅನಿಮೆಗೆ ಗೌರವ ದೊರೆಯಿತೆಂದು ಅಭಿಮಾನಿಗಳು ಹಿಗ್ಗಿದರು. ಹಿಗ್ಗಿದುದು ಸಹಜವೇ, ಆದರೆ ಹೆಸರನ್ನು ಇಟ್ಟುಕೊಂಡವನಿಗೆ ಅದು ಬೇಡ, ಇಟ್ಟವರಿಗೆ ಬೇಕು, ಎಂಬ ಸಂದರ್ಭವಿದು.

ಈಗ ಅಮೆರಿಕಾದ ಕಡೆಗೆ ತಿರುಗೋಣ. ವಾದವು ಬಿಸಿಯಾದುದು ಅಲ್ಲಿಯೇ. ‘ಆಸ್ಟ್ರೋ ಬಾಯ್’ 1963ರಲ್ಲಿಯೇ ಅಲ್ಲಿಗೆ ಹೋಯಿತು. ಆದರೆ ಪಾತ್ರಗಳ ಹೆಸರುಗಳು ಬದಲಾಗಿದ್ದವು: ತೆನ್ಮಾ ಎಂಬ ವಿಜ್ಞಾನಿ ಬಾಯ್‌ಂಟನ್ ಆದನು, ಓಚಾನೊಮಿಜು ಎಂಬವನು ಎಲಿಫನ್ ಆದನು. ನೋಡಿದ ಮಕ್ಕಳಿಗೆ ಇದು ಜಪಾನಿನಿಂದ ಬಂದುದೆಂದು ತಿಳಿಯುವ ಆಸ್ಪದವೇ ಕಡಮೆಯಾಗಿತ್ತು. ಮುಂದೆ ಬಂದವುಗಳ ಪಾಡು ಇನ್ನೂ ಕಷ್ಟದ್ದು. ಮಿಯಾಜಾಕಿಯ 1984ರ ‘ನೌಸಿಕಾ’ ಎಂಬ ಚಿತ್ರವನ್ನು 1985ರಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಕತ್ತರಿಸಿ, ನಾಯಕಿಗೆ ಬೇರೆ ಹೆಸರಿಟ್ಟು, ‘ವಾರಿಯರ್ಸ್ ಆಫ್ ದಿ ವಿಂಡ್’ ಎಂದು ಮಾರಿದರು. ಅದೇ ವರ್ಷ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಜಪಾನೀ ಮಾಲಿಕೆಗಳನ್ನು ಹೊಲಿದು ‘ರೋಬೋಟೆಕ್’ ಎಂಬ ಒಂದೇ ಕಥೆಯನ್ನಾಗಿ ಮಾಡಿದರು. ಹೊಲಿಗೆ ಚೆನ್ನಾಗಿಯೇ ಇತ್ತೆಂದು ಅದನ್ನು ಇಂದಿಗೂ ಪ್ರೀತಿಸುವವರಿರುವರು. ಆದರೆ ಬಟ್ಟೆ ನೇಯ್ದವರು ಮರೆಯಾದರು.

ಈ ಮರೆಯನ್ನು ಸರಿಸಿದವರು ಅಭಿಮಾನಿಗಳು. 1977ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಅಂಥವರ ಒಂದು ಸಂಘವೇ ಹುಟ್ಟಿತು. ಜಪಾನಿನ ಗೆಳೆಯರಿಂದ ವಿಡಿಯೋ ಸುರುಳಿಗಳನ್ನು ತರಿಸಿಕೊಂಡು, ಭಾಷೆ ಅರ್ಥವಾಗದಿದ್ದರೂ ಕುಳಿತು ನೋಡಿದರು. ಅರ್ಥ ತಿಳಿದವರು ಕಥೆಯ ಸಾರಾಂಶವನ್ನು ಬರೆದು ಹಂಚಿದರು. ಮೊದಲು ‘ಜಪಾನಿಮೇಷನ್’ ಎಂಬ ಹೆಸರು ಪ್ರಚಾರದಲ್ಲಿತ್ತು. 1990ರ ದಶಕದಲ್ಲಿ ಅದು ಹಿಂದೆ ಸರಿದು ‘ಅನಿಮೆ’ ನೆಲೆಯೂರಿತು. ಆ ಕಾಲದಲ್ಲಿ ಅನಿಮೆ ಎಂದು ಕರೆಯುವುದೆಂದರೆ, ‘ಇದು ಕತ್ತರಿಸದೆ, ಹೆಸರು ಬದಲಿಸದೆ, ಮಾಡಿದವರು ಮಾಡಿದಂತೆಯೇ ಇರುವುದು, ಮಾಡಿದವರು ಇಂಥವರು’ ಎಂದು ಸಾರುವುದಾಗಿತ್ತು. ಎಂದರೆ ಇದು ಋಣವನ್ನು ಒಪ್ಪಿಕೊಳ್ಳುವ ಹೆಸರು. ಇದನ್ನು ತಿಳಿಯದೆ ಅಭಿಮಾನಿಗಳ ಹಟವನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಯುರೋಪಿನಲ್ಲಿಯೂ ಹೀಗೆಯೇ ಆಯಿತು. ಸ್ವಿಟ್ಜರ್ಲೆಂಡಿನ ಬಾಲಿಕೆ ಹೈಡಿಯ ಕಥೆಯನ್ನು 1974ರಲ್ಲಿ ತಾಕಾಹಾತಾ ಇಸಾವೊ ನಿರ್ದೇಶಿಸಿದ ಮಾಲಿಕೆಯಲ್ಲಿ ನೋಡಿ ಬೆಳೆದ ಎಷ್ಟೋ ಜರ್ಮನ್ ಮಕ್ಕಳು ಅದು ತಮ್ಮ ನೆರೆಯಲ್ಲೇ ಆದುದೆಂದು ಭಾವಿಸಿದ್ದರು. ನಮ್ಮಲ್ಲಿಯೂ 1990ರ ದಶಕದಲ್ಲಿ ಭಾನುವಾರದ ಬೆಳಗ್ಗೆ ದೂರದರ್ಶನದಲ್ಲಿ ಮೋಗ್ಲಿಯ ಕಥೆ ಬರುತ್ತಿತ್ತು. ನಿಮ್ಮ ತಂದೆತಾಯಿಯರನ್ನು ಕೇಳಿನೋಡಿ. ಗುಲ್ಜಾರರು ಅದಕ್ಕೆ ಬರೆದ ಹಿಂದೀ ಹಾಡು ಅವರಿಗೆ ಇನ್ನೂ ಬಾಯಿಪಾಠವಾಗಿರುವುದು. ಅದನ್ನು 1989ರಲ್ಲಿ ನಿಪ್ಪೊನ್ ಅನಿಮೇಷನ್ ಎಂಬ ಜಪಾನೀ ಸಂಸ್ಥೆಯು ಮಾಡಿತೆಂಬುದನ್ನು ಮಾತ್ರ ಅವರಲ್ಲಿ ಕೆಲವರೇ ಬಲ್ಲರು.

ಋಣವನ್ನು ಒಪ್ಪಿಕೊಳ್ಳಲು ಹುಟ್ಟಿದ ಹೆಸರು ಕಾಲಕ್ರಮದಲ್ಲಿ ಬೇಲಿಯೂ ಆಯಿತು. 2005ರಲ್ಲಿ ಅಮೆರಿಕಾದ ನಿಕಲೋಡಿಯನ್ ವಾಹಿನಿಯಲ್ಲಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಆರಂಭವಾಯಿತು. ಅದರ ಕಥನದ ನಡೆ, ಮುಖಗಳ ರೀತಿ, ಏಷ್ಯಾದ ಉಡಿಗೆತೊಡಿಗೆ – ಎಲ್ಲವೂ ಜಪಾನೀ ಮಾಲಿಕೆಗಳನ್ನು ನೆನಪಿಗೆ ತರುವಂಥವು. ಮಿಯಾಜಾಕಿಯ ಪ್ರಭಾವವನ್ನು ಅದರ ಕರ್ತೃಗಳೇ ಒಪ್ಪಿಕೊಂಡಿರುವರು. ‘ರೀತಿಯು ಒಂದೇ ಆದಮೇಲೆ ಇದೂ ಅನಿಮೆ’ ಎಂದು ಒಂದು ಪಕ್ಷ. ‘ರೀತಿಯನ್ನು ಯಾರು ಬೇಕಾದರೂ ಅನುಕರಿಸಬಹುದು, ಹುಟ್ಟನ್ನು ಅನುಕರಿಸಲಾಗದು’ ಎಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ಹೇಳಲು ಮರೆತ ಮಾತೆಂದರೆ, ಅದರ ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿದವರು ದಕ್ಷಿಣ ಕೊರಿಯಾದ ಕಲಾವಿದರು.

ರೀತಿಯನ್ನೇ ಅಳತೆಗೋಲಾಗಿ ಹಿಡಿಯುವವರಿಗೆ ನಮ್ಮದೊಂದು ಪ್ರಶ್ನೆ. ದೊಡ್ಡ ಕಣ್ಣು, ಚೂಪು ಕೂದಲು ಇವೇ ಲಕ್ಷಣವಾದರೆ, 1969ರಲ್ಲಿ ಆರಂಭವಾಗಿ ಇಂದಿಗೂ ಪ್ರಸಾರವಾಗುತ್ತಿರುವ ‘ಸಜಾಏ-ಸಾನ್’ ಎಂಬ ಗೃಹಸ್ಥ ಮಾಲಿಕೆಯನ್ನು ಎಲ್ಲಿ ಇಡುವುದು? ಅದರಲ್ಲಿ ಕಣ್ಣುಗಳು ಚುಕ್ಕೆಗಳಷ್ಟೇ. ನಮ್ಮ ಶಿನ್‌ಚಾನನ ವಕ್ರವಾದ ಹುಬ್ಬುಗಳನ್ನು ಯಾವ ಲಕ್ಷಣಗ್ರಂಥಕ್ಕೆ ಸೇರಿಸುವುದು? ಇನ್ನು ಆ ದೊಡ್ಡ ಕಣ್ಣುಗಳಾದರೂ ಎಲ್ಲಿಂದ ಬಂದವು? ತೆಜುಕಾ ಬಾಲ್ಯದಿಂದಲೂ ಡಿಸ್ನಿಯ ಪರಮ ಅಭಿಮಾನಿ; ಆ ಋಣವನ್ನು ಅವನು ಮುಚ್ಚಿಡಲಿಲ್ಲ. ಅಮೆರಿಕಾದಿಂದ ಜಪಾನಿಗೆ ಹೋದ ಕಣ್ಣುಗಳು ಜಪಾನಿನಿಂದ ಅಮೆರಿಕಾಕ್ಕೆ ಮರಳಿದಾಗ ಪರಕೀಯವೆನಿಸಿದುವು!

ಹುಟ್ಟಿದ ಸ್ಥಳವನ್ನು ಹಿಡಿಯುವವರಿಗೂ ದಾರಿ ಸುಗಮವಲ್ಲ. ಕಾರ್ಯಕ್ರಮವನ್ನು ಸ್ವಲ್ಪ ವಿವರಿಸುವೆವು. ಮೊದಲು ನಿರ್ದೇಶಕನು ದೃಶ್ಯದಿಂದ ದೃಶ್ಯಕ್ಕೆ ಕಥೆಯನ್ನು ಚೌಕಗಳಲ್ಲಿ ಗೀಚಿ ಯೋಜಿಸುವನು. ಇದಕ್ಕೆ ‘ಎಕೊಂತೆ’ ಎನ್ನುವರು. ಬಳಿಕ ನುರಿತ ಕಲಾವಿದರು ಚಲನೆಯ ಮುಖ್ಯ ಘಟ್ಟಗಳನ್ನು ಬರೆಯುವರು, ಇವು ‘ಗೆಂಗಾ’. ಕೈ ಎತ್ತಿದುದು ಒಂದು ಗೆಂಗಾ, ಇಳಿಸಿದುದು ಇನ್ನೊಂದು. ನಡುವೆ ಬೇಕಾದ ಚಿತ್ರಗಳನ್ನೆಲ್ಲ ತುಂಬುವವರು ಬೇರೆ; ಅವರ ಕೆಲಸಕ್ಕೆ ‘ದೋಗಾ’ ಎಂದು ಹೆಸರು. ಒಂದು ಕಾಲಕ್ಕೆ ಇಡೀ ಕಲೆಯ ಹೆಸರಾಗಿದ್ದ ಶಬ್ದವು ಕಾರ್ಯಾಲಯಗಳಲ್ಲಿ ಅತ್ಯಂತ ಕಿರಿಯ ಕೆಲಸಗಾರನ ಮೇಜಿಗೆ ಇಳಿದಿರುವುದನ್ನು ನೋಡಿರಿ. ಈ ನಡುಚಿತ್ರಗಳ ಕೆಲಸವು ಬಹುಕಾಲದಿಂದ ಕೊರಿಯಾ, ಚೀನಾ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಗೆ ಹೋಗುತ್ತಿರುವುದು. ಕಲಾವಿದನ ಕೈ ಎಲ್ಲಿರುವುದೋ ಅಲ್ಲಿಯೇ ಕೃತಿಯ ಹುಟ್ಟು ಎನ್ನುವುದಾದರೆ, ಎಷ್ಟೋ ಜಪಾನೀ ಮಾಲಿಕೆಗಳು ಅರ್ಧಕ್ಕರ್ಧ ಜಪಾನಿನವಲ್ಲ. ತಿರುಗುಮುರುಗಾಗಿ, 1982ರ ‘ದಿ ಲಾಸ್ಟ್ ಯೂನಿಕಾರ್ನ್’ ಎಂಬ ಅಮೆರಿಕಾದ ಚಿತ್ರವನ್ನು ಬರೆದವರು ಟೋಕಿಯೋದ ಟಾಪ್‌ಕ್ರಾಫ್ಟ್ ಸಂಸ್ಥೆಯವರು. ಎರಡು ವರ್ಷ ಕಳೆಯಲು ಅದೇ ಸಂಸ್ಥೆಯವರು ‘ನೌಸಿಕಾ’ವನ್ನು ಬರೆದರು. ಮೊದಲನೆಯದನ್ನು ಅನಿಮೆ ಎನ್ನುವವರು ವಿರಳ. ಎರಡನೆಯದನ್ನು ಅಲ್ಲವೆನ್ನುವವರು ಇಲ್ಲವೇ ಇಲ್ಲ.

ಇತ್ತೀಚಿನ ಉದಾಹರಣೆಗಳು ಗಂಟನ್ನು ಇನ್ನಷ್ಟು ಬಿಗಿಗೊಳಿಸಿರುವುವು. 2017ರ ‘ಕ್ಯಾಸಲ್‌ವೇನಿಯಾ’ ಜಪಾನಿನ ವಿಡಿಯೋ ಆಟವೊಂದರಿಂದ ಹುಟ್ಟಿದ ಅಮೆರಿಕಾದ ಮಾಲಿಕೆ. 2022ರ ‘ಸೈಬರ್‌ಪಂಕ್: ಎಡ್ಜ್‌ರನ್ನರ್ಸ್’ ಪೋಲೆಂಡಿನ ಸಂಸ್ಥೆಯ ಆಟವೊಂದರಿಂದ ಹುಟ್ಟಿ, ಜಪಾನಿನ ಟ್ರಿಗರ್ ಎಂಬ ಸಂಸ್ಥೆಯಲ್ಲಿ ಸಿದ್ಧವಾದುದು. ಎರಡನ್ನೂ ಮಾರುವವರು ಒಂದೇ ಕಪಾಟಿನಲ್ಲಿ ಇಟ್ಟರು. ಅಂಗಡಿಯವನ ಕಪಾಟು ವ್ಯಾಕರಣವಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದುವರಿಯುವೆವು.

ನಮ್ಮ ದೇಶಕ್ಕೂ ಈ ವಾದದಲ್ಲಿ ಪಾಲುಂಟು. 1983ರಲ್ಲಿ ಯುಗೊ ಸಾಕೊ ಎಂಬ ಜಪಾನೀ ಗೃಹಸ್ಥನು ಉತ್ಖನನ ಕಾರ್ಯವನ್ನು ಕುರಿತ ಸಾಕ್ಷ್ಯಚಿತ್ರಕ್ಕಾಗಿ ಭಾರತಕ್ಕೆ ಬಂದವನು ರಾಮಾಯಣದ ಕಥೆಗೆ ಮನಸೋತನು. ಆ ಕಥೆಯನ್ನು ಅನಿಮೇಷನ್ನಿನಲ್ಲಿಯೇ ಹೇಳಬೇಕೆಂದು ನಿಶ್ಚಯಿಸಿದನು. ಅವನೂ ಕೊಯಿಚಿ ಸಸಾಕಿಯೂ ನಮ್ಮ ರಾಮ್ ಮೋಹನರೂ ಕೂಡಿ ನಿರ್ದೇಶಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 1992ರಲ್ಲಿ ಸಿದ್ಧವಾಯಿತು. ರಾಮ್ ಮೋಹನರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನಲ್ಲಿ 1956ರಲ್ಲಿ ಕೆಲಸಕ್ಕೆ ಸೇರಿದವರು. ಡಿಸ್ನಿ ಸಂಸ್ಥೆಯಿಂದ ಬಂದಿದ್ದ ಕ್ಲೇರ್ ವೀಕ್ಸ್ ಎಂಬವರಿಂದ ಕಲಿತವರು. ಚಿತ್ರಗಳನ್ನು ಬರೆದುದು ಜಪಾನಿನಲ್ಲಿ. ಉಡಿಗೆ, ನಡೆ, ನಮಸ್ಕಾರದ ಬಗೆ ಹೇಗಿರಬೇಕೆಂದು ತೋರಿಸಿಕೊಟ್ಟುದು ಭಾರತೀಯರು. ಸಂಭಾಷಣೆ ಇಂಗ್ಲಿಷಿನಲ್ಲಿ, ಹಾಡುಗಳು ಸಂಸ್ಕೃತದಲ್ಲಿ, ಸಂಗೀತ ವನರಾಜ್ ಭಾಟಿಯಾ ಅವರದು. 2025ರ ಜನವರಿಯಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಜನರು ‘ಅನಿಮೆ ರಾಮಾಯಣ’ ಎಂದೇ ಅದನ್ನು ಕರೆದರು. ಆ ಹೆಸರಿನಲ್ಲಿ ರಾಮ್ ಮೋಹನರು ಎಲ್ಲಿರುವರು? ‘ಭಾರತದ ಚಿತ್ರ’ ಎಂದು ಕರೆದರೆ ಯುಗೊ ಸಾಕೊ ಎಲ್ಲಿರುವನು?

ನಮ್ಮ ನಗರಕ್ಕೇ ಸೇರಿದ ಇನ್ನೊಂದು ಉದಾಹರಣೆಯುಂಟು. ಜಪಾನಿನಲ್ಲಿ 1968ರಲ್ಲಿ ಪ್ರಸಾರವಾದ ‘ಕ್ಯೋಜಿನ್ ನೊ ಹೋಶಿ’ ಎಂಬ ಮಾಲಿಕೆ ಬೇಸ್‌ಬಾಲ್ ಆಟಗಾರನ ಕಥೆ. 2012ರ ಡಿಸೆಂಬರಿನಲ್ಲಿ ಅದು ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂದು ನಮ್ಮ ದೂರದರ್ಶನ ವಾಹಿನಿಯೊಂದಕ್ಕೆ ಬಂದಿತು. ಬೇಸ್‌ಬಾಲ್ ಹೋಗಿ ಕ್ರಿಕೆಟ್ ಬಂದಿತು. ನಾಯಕನು ಮುಂಬಯಿಯ ಬಡಕೇರಿಯ ಹುಡುಗನಾದನು. ಮೂಲದಲ್ಲಿ ಮಗನ ಮೈಗೆ ತಂದೆಯು ತೊಡಿಸುತ್ತಿದ್ದ ಉಕ್ಕಿನ ಸ್ಪ್ರಿಂಗುಗಳ ಕವಚವು ಇಲ್ಲಿ ಸೈಕಲ್ ಟ್ಯೂಬುಗಳದಾಯಿತು. ಕೆಲಸವನ್ನು ಟೋಕಿಯೋದ ಟಿ.ಎಂ.ಎಸ್. ಸಂಸ್ಥೆಯೂ ಹೈದರಾಬಾದಿನ ಡಿ.ಕ್ಯೂ. ಸಂಸ್ಥೆಯೂ ಹಂಚಿಕೊಂಡವು. ಸ್ಥಳವನ್ನು ಹಿಡಿದರೂ, ರೀತಿಯನ್ನು ಹಿಡಿದರೂ, ಕೈಯನ್ನು ಹಿಡಿದರೂ ಇದಕ್ಕೆ ಅರ್ಧ ಉತ್ತರವೇ ದೊರೆಯುವುದು.

ನಮ್ಮ ಅಭಿಪ್ರಾಯವೇನೆಂದು ವಿದ್ಯಾರ್ಥಿಗಳು ಕೇಳಬಹುದು. ಎಕೊಂತೆಯನ್ನು ಎಲ್ಲಿ, ಯಾವ ಗರಡಿಯಲ್ಲಿ ಕಲಿತವರು ಬರೆದರು ಎಂಬುದನ್ನು ನೋಡುವುದು ಉಳಿದ ಅಳತೆಗಳಿಗಿಂತ ಮೇಲೆಂದು ನಮಗೆ ತೋರುವುದು. ಕಥೆಯ ಉಸಿರಾಟವು ನಿರ್ಧಾರವಾಗುವುದು ಅಲ್ಲಿಯೇ. ಹೀಗೆ ನೋಡಿದರೆ ಹೈಡಿ ಅನಿಮೆ, ಮೋಗ್ಲಿ ಅನಿಮೆ, ಅವತಾರ್ ಅಲ್ಲ. ಅಲ್ಲವೆಂದರೆ ಕೀಳೆಂದು ಅರ್ಥವಲ್ಲ, ಮಾವು ಹಲಸಲ್ಲವೆಂದಂತೆ. ಆದರೆ ಈ ಅಳತೆಯೂ ನಡುಚಿತ್ರಗಳನ್ನು ಬರೆದ ಮನೀಲಾದ ಕೈಯನ್ನು ಲೆಕ್ಕದಿಂದ ಬಿಡುವುದೆಂಬುದನ್ನು ನಾವು ಒಪ್ಪಲೇಬೇಕು.

ಮೊಗಸಾಲೆಯ ವಾದಕ್ಕೆ ಮರಳೋಣ. ಡೋರೆಮಾನ್ ಯಾವ ಅಳತೆಯಿಂದಲೂ ಅನಿಮೆಯೇ, ಅದರಲ್ಲಿ ಸಂದೇಹವಿಲ್ಲ. ನಕ್ಕ ಗೆಳೆಯನಿಗೆ ಬೇಕಾಗಿದ್ದುದು ಬೇರೊಂದು: ತಾನು ನೋಡುವುದು ಸಣ್ಣ ಮಕ್ಕಳದಲ್ಲ ಎಂದು ತೋರಿಸಿಕೊಳ್ಳುವುದು. ಹದಿಮೂರರ ವಯಸ್ಸಿನಲ್ಲಿ ಅದು ಕ್ಷಮ್ಯವೇ. ಮಾರನೆಯ ದಿನ ಇಬ್ಬರನ್ನೂ ಕರೆದು ಸೂರಜ್‌ನ ವೃತ್ತಾಂತವನ್ನು ಹೇಳಿ, ಇದು ಯಾವುದೆಂದು ಕೇಳಿದೆವು. ಒಬ್ಬನು ಅನಿಮೆ ಎಂದನು. ಇನ್ನೊಬ್ಬನು, ಕ್ರಿಕೆಟ್ ಇದ್ದಮೇಲೆ ನಮ್ಮದೇ ಎಂದನು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೂರನೆಯವನೊಬ್ಬನು ಮಾತ್ರ, ಅದನ್ನು ಈಗ ಎಲ್ಲಿ ನೋಡಬಹುದೆಂದು ವಿಚಾರಿಸಿದನು.